ಎಣ್ಣೆಗೈಯ ಆ ಒಂದು ಸಾಲು

ಪ್ರಿಯ ಗೆಳೆಯರೇ,

ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರದಲ್ಲಿ ಆಡಿದ ‘ಬ್ಯಾಟ್‌ಮ್ಯಾನ್’ ಆಟದ ಬಗ್ಗೆ ನೀವು ದಾವಣಗೆರೆಯಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ತೆಗೆದುಬಿಡಿ. ಅದು ಬರೀ ಸಿನಿಮಾದ ಕಥೆ. 1989ರಲ್ಲಿ ಟಿಮ್ ಬರ್ಟನ್ ನಿರ್ದೇಶಿಸಿದ ‘ಬ್ಯಾಟ್‌ಮ್ಯಾನ್’ ಸಿನಿಮಾ ಬಂತು, ಮರುವರ್ಷ ಜಪಾನಿನ ಸನ್‌ಸಾಫ್ಟ್ ಕಂಪನಿ ಅದರ ಮೇಲೆ ಈ ಆಟ ತಂದಿತು. ಅಷ್ಟು ಹೇಳಿದರೆ ಸಾಕು.

‘ಬ್ಯಾಟ್‌ಮ್ಯಾನ್ ಬಂದೂಕು ಮುಟ್ಟುವವನೇ ಅಲ್ಲ’ ಎಂದು ಬರೆದಿದ್ದೀರಿ. ಈ ಆಟದಲ್ಲಿ ಅವನು ಮೊದಲ ಹಂತದಿಂದಲೇ ಗುಂಡು ಹಾರಿಸುತ್ತಾ ಓಡುತ್ತಾನೆ. ‘ಹಳದಿ ಬೆಲ್ಟ್ ಮಿಂಚಿತು’ ಅಂತಲೂ ಇದೆ. ಆ ಪರದೆಯಲ್ಲಿ ಹಳದಿ ಎಲ್ಲಿತ್ತು? ಇದ್ದದ್ದು ಪಾಚಿಹಸಿರಿನ ನಾಲ್ಕೇ ಛಾಯೆ. ರಜೆಯೆಲ್ಲಾ ಅದನ್ನೇ ಆಡಿದವರು ನೀವು. ಬರೆಯುವಾಗ ಮಾತ್ರ ಸಿನಿಮಾ ಪೋಸ್ಟರ್ ಎದುರಿಗಿಟ್ಟುಕೊಂಡಿರಿ ಅನ್ನಿಸಿತು.

ನಾಲ್ಕನೇ ಪುಟದಲ್ಲಿ ಈ ಸಾಲು ಬಂತು: ‘ಮಂಡಕ್ಕಿ ಮೆಣಸಿನಕಾಯಿ ತಿಂದ ಎಣ್ಣೆಗೈಗೆ ಬಟನ್ ಜಾರಿತು, ಅವನು ಗುಂಡಿಗೆ ಬಿದ್ದ.’ ಓದಿ ಖುಷಿಯಾಯಿತು. ಲೇಖನ ಇಲ್ಲಿಂದಲೇ ಶುರುವಾಗಬೇಕು. ಇಂಥ ಆಟದ ಜೀವ ಇರುವುದೇ ಜಿಗಿತದಲ್ಲಿ ಅಲ್ವಾ? ಅಂಚಿನವರೆಗೂ ಓಡಬೇಕು, ಇನ್ನೊಂದು ಹೆಜ್ಜೆ ಜಾಸ್ತಿ ಆದರೆ ಮುಗಿಯಿತು. ಅವನು ಗಾಳಿಯಲ್ಲಿದ್ದಾಗ ನಿಮ್ಮ ಮೈಯೂ ಒಂದು ಕಡೆ ವಾಲುತ್ತಿತ್ತಾ? ಪಕ್ಕದಲ್ಲಿದ್ದ ತಮ್ಮ ಏನು ಮಾಡುತ್ತಿದ್ದ? ಬಿದ್ದಾಗ ಬೈದದ್ದು ಯಾರನ್ನು?

ಬೆಳಕಿನ ವಿಷಯವೂ ಹಾಗೇ. ಗೇಮ್ ಬಾಯ್ ಪರದೆಗೆ ತನ್ನದೇ ಬೆಳಕಿರಲಿಲ್ಲ. ಹೊತ್ತು ಇಳಿದಂತೆ ನೀವಿಬ್ಬರೂ ತಾರಸಿಯಲ್ಲಿ ಬಿಸಿಲಿದ್ದ ಕಡೆ ಸರಿಯುತ್ತಾ ಹೋದದ್ದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಆ ಸಂಜೆ ಪೂರ್ತಿ ಬೇಕು. ಒಂದು ಪುಟ ಆದರೂ ಆಗಲಿ.

ಚರ್ಚಿನ ಗೋಪುರದಲ್ಲಿ ಖಳನಾಯಕ ಜೋಕರ್ ಜೊತೆಗಿನ ಕೊನೆಯ ಕಾದಾಟಕ್ಕೆ ಒನಕೆ ಓಬವ್ವನ ಹೋಲಿಕೆ ಬೇಡ. ಚಿತ್ರದುರ್ಗದ ಕೋಟೆ ಅಂದರೆ ನನಗೂ ಅಭಿಮಾನ, ಆದರೆ ಇಲ್ಲಿ ಅದು ಒಗ್ಗುತ್ತಿಲ್ಲ.

ಇನ್ನೊಂದು ಮಾತು. ಆ ಗೇಮ್ ಬಾಯ್‌ಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ಒಂದು ಕಡಿಮೆ ಬಿದ್ದಾಗ ಗೋಡೆ ಗಡಿಯಾರದ್ದು ಕಿತ್ತು ಹಾಕಿದೆ ಎಂದು ಕೊನೆಗೆ ಬರೆದಿದ್ದೀರಿ. ಆಮೇಲೆ ಏನಾಯಿತು ಅಂತ ಹೇಳಲೇ ಇಲ್ಲ. ಗಡಿಯಾರ ನಿಂತದ್ದನ್ನು ಮನೆಯಲ್ಲಿ ಮೊದಲು ನೋಡಿದವರು ಯಾರು? ಅದನ್ನೂ ಬರೆದು ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ