ಬಟಾಣಿಯ ಬೂದಿ ರೋಗ: ಕೆಟ್ಟ ಜೀನಿನಿಂದಲೇ ರಕ್ಷಣೆ

ಪ್ರಶ್ನೆ: ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ನಮ್ಮ ಬಟಾಣಿಗೆ ಪ್ರತಿ ವರ್ಷ ಬೂದಿ ರೋಗ. ಗಂಧಕ ಹೊಡೆದು ಹೊಡೆದು ಸಾಕಾಗಿದೆ. ಪಕ್ಕದ ಹೊಲದಲ್ಲಿ ಬೇರೆ ತಳಿ ಇದೆ, ಅದರ ಎಲೆ ಹಸಿರಾಗಿಯೇ ಇರುತ್ತದೆ. ನಮ್ಮದರಲ್ಲಿ ಇಲ್ಲದ ಯಾವ ಜೀನ್ ಅದರಲ್ಲಿದೆ? ಎರಡನ್ನೂ ಕ್ರಾಸ್ ಮಾಡಿ ಬೀಜ ಮಾಡಿಕೊಳ್ಳಬಹುದಾ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ತಮಾಷೆ ನೋಡಿ, ಆ ತಳಿಯಲ್ಲಿ ಹೊಸ ಜೀನ್ ಏನೂ ಇರಬೇಕಾಗಿಲ್ಲ. ಇರುವುದೊಂದು ಕೆಟ್ಟಿದ್ದರೂ ಸಾಕು.

ಬೂದಿ ರೋಗದ ಶಿಲೀಂಧ್ರ ಜೀವಂತ ಕೋಶದಿಂದ ಮಾತ್ರ ಆಹಾರ ಹೀರುತ್ತದೆ. ಅದಕ್ಕಾಗಿ ಎಲೆಯ ಮೇಲ್ಪದರದ ಕೋಶಗೋಡೆ ಕೊರೆದು ಒಳಗೆ ಹೋಗಬೇಕು. ಹೋಗಲು ಗಿಡದ್ದೇ ಒಂದು ಪ್ರೋಟೀನ್ ಬೇಕು. ಅದನ್ನು ಮಾಡುವ ಜೀನಿಗೆ ಎಂಎಲ್ಒ ಎನ್ನುತ್ತಾರೆ. ಈ ಜೀನ್ ಕೆಟ್ಟಿದ್ದರೆ, ಶಿಲೀಂಧ್ರ ಕೊರೆಯುವ ಜಾಗದಲ್ಲೇ ಗಿಡ ಗೋಡೆಯನ್ನು ದಪ್ಪ ಮಾಡಿ ತಡೆದುಬಿಡುತ್ತದೆ.

ಇದು ಮೊದಲು ಕಂಡದ್ದು ಬಾರ್ಲಿಯಲ್ಲಿ. 1942ರಲ್ಲಿ ಜರ್ಮನಿಯಲ್ಲಿ ಎಕ್ಸ್-ರೇ ಹಾಯಿಸಿ ಅಂಥ ಗಿಡ ಪಡೆದಿದ್ದರು. ಇಥಿಯೋಪಿಯಾದ ನಾಟಿ ಬಾರ್ಲಿಯಲ್ಲಂತೂ ಇದು ತಾನಾಗಿಯೇ ಇತ್ತು. ಬಟಾಣಿಯಲ್ಲಿ ಇಆರ್1 ಎಂಬ ನಿರೋಧಕ ಗುಣವನ್ನು ಹಾರ್ಲಂಡ್ ಎಂಬ ವಿಜ್ಞಾನಿ 1948ರಲ್ಲಿ ಪೆರು ದೇಶದ ತಳಿಗಳಲ್ಲಿ ಗುರುತಿಸಿದರು. ಅದೂ ಕೆಟ್ಟ ಎಂಎಲ್ಒ ಜೀನೇ ಅಂತ ಗೊತ್ತಾಗಿದ್ದು 2011ರಲ್ಲಿ!

ಬೇರೆ ಬಗೆಯ ನಿರೋಧಕ ಜೀನುಗಳೂ ಇವೆ. ಅವು ಶಿಲೀಂಧ್ರದ ಒಂದೊಂದು ಬಗೆಯನ್ನು ಗುರುತು ಹಿಡಿದು ಹೊಡೆಯುತ್ತವೆ. ಶಿಲೀಂಧ್ರ ವೇಷ ಬದಲಿಸಿದರೆ ಮುಗಿಯಿತು. ರೈ ಧಾನ್ಯದಿಂದ ಗೋಧಿಗೆ ತಂದ ಪಿಎಂ8 ಜೀನ್ ಹೀಗೇ ಸೋತಿತು. ಎಂಎಲ್ಒ ಕೆಟ್ಟ ಬಾರ್ಲಿ ಮಾತ್ರ ಯುರೋಪಿನ ಹೊಲಗಳಲ್ಲಿ 1979ರಿಂದ ನಿಂತಿದೆ. ಹಾಗಂತ ಪುಕ್ಕಟೆ ಅಲ್ಲ. ಮೊದಲ ಬಾರ್ಲಿ ತಳಿಗಳಲ್ಲಿ ಎಲೆಗೆ ಚುಕ್ಕೆ ಬೀಳುತ್ತಿತ್ತು, ಇಳುವರಿಯೂ ಸ್ವಲ್ಪ ಕುಸಿಯುತ್ತಿತ್ತು.

ಈಗ ಕ್ರಾಸ್ ವಿಷಯ. ಪಕ್ಕದ ತಳಿಯಲ್ಲಿ ಇರುವುದು ಇಆರ್1 ಆದರೆ, ತಂದೆ ತಾಯಿ ಎರಡೂ ಕಡೆಯಿಂದ ಕೆಟ್ಟ ಜೀನ್ ಬರಬೇಕು. ಒಂದು ಸರಿಯಿದ್ದರೂ ರೋಗ ಬರುತ್ತದೆ. ಅಂದರೆ ಮೊದಲ ತಲೆಮಾರಿನ ಗಿಡಗಳಿಗೆಲ್ಲ ಬೂದಿ ಹಿಡಿಯುತ್ತದೆ. ಅದನ್ನು ನೋಡಿ ಕಿತ್ತೆಸೆಯಬೇಡಿ. ಅವುಗಳ ಬೀಜ ಬಿತ್ತಿದರೆ ಸುಮಾರು ನಾಲ್ಕರಲ್ಲಿ ಒಂದು ಗಿಡ ಚೊಕ್ಕವಾಗಿರುತ್ತದೆ. ಬಟಾಣಿ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಆ ಗಿಡದ ಬೀಜದಲ್ಲಿ ಈ ಗುಣ ಮುಂದೆಯೂ ಉಳಿಯುತ್ತದೆ.

ಆದರೆ ಮೊಗ್ಗು ಬಿಡಿಸಿ ಕೇಸರ ಕೀಳುವ ಕೆಲಸ ನಿಮಗೆ ಯಾಕೆ? ಪಕ್ಕದವರದು ಹೈಬ್ರಿಡ್ ಅಲ್ಲದಿದ್ದರೆ ಅದರ ಬೀಜವನ್ನೇ ಕೇಳಿ ಬಿತ್ತಿ. ಇಆರ್1 ತುಕ್ಕು ರೋಗವನ್ನು ತಡೆಯುವುದಿಲ್ಲ. ತುಕ್ಕೂ ಕಾಡುತ್ತಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅಜಿತ್ ವಿಚಾರಿಸಿ, ಅದು ಎರಡನ್ನೂ ತಡೆಯುವ ತಳಿ.