ಸಹೋದ್ಯೋಗಿ ಕೆಲಸ ಬಿಡುವ ಗುಟ್ಟು: ಸುಳ್ಳು ಹೇಳಲೇಬೇಕಾ?

ಕೆಲಸ ಬಿಡುವ ವಿಷಯವನ್ನು ಸಹೋದ್ಯೋಗಿ ನಿಮಗೆ ಗುಟ್ಟಾಗಿ ಹೇಳಿದ್ದಾರೆ, ಯಾರಿಗೂ ಹೇಳಲ್ಲ ಎಂದು ನೀವು ಮಾತು ಕೊಟ್ಟಿದ್ದೀರಿ. ಮ್ಯಾನೇಜರ್ ಕೇಳಿದರೆ ಏನು ಮಾಡುವುದು, ನೀತಿಯ ಸಿದ್ಧಾಂತಗಳು ಒಂದೊಂದು ಒಂದೊಂದು ಹೇಳುತ್ತವಲ್ಲ ಎಂಬುದು ನಿಮ್ಮ ಗೊಂದಲ. ಅದಕ್ಕೆ ಕಾರಣ ಬಹುಶಃ ಸಿದ್ಧಾಂತಗಳ ಜಗಳ ಅಲ್ಲ. ಸಹೋದ್ಯೋಗಿ ಕೆಲಸ ಬಿಡ್ತಾರಾ ಎಂದು ಮ್ಯಾನೇಜರ್ ಕೇಳಿದರೆ ಸುಳ್ಳು ಹೇಳಬೇಕು, ಇಲ್ಲವೇ ಗುಟ್ಟು ಬಿಟ್ಟುಕೊಡಬೇಕು, ಎರಡೇ ದಾರಿ ಅಂದುಕೊಂಡಿದ್ದೀರಿ. ಮೂರನೆಯದೂ ಇದೆ.

ಮೊದಲು ಜರ್ಮನ್ ತತ್ವಜ್ಞಾನಿ ಕಾಂಟ್. ಗೆಳೆಯ ಎಲ್ಲಿದ್ದಾನೆ ಎಂದು ಕೊಲೆಗಾರ ಬಂದು ಕೇಳಿದರೂ ಸುಳ್ಳು ಹೇಳಬಾರದು ಎಂದು 1797ರಲ್ಲಿ ಬರೆದ ಆಸಾಮಿ (ನನಗಂತೂ ಅದು ಜಾಸ್ತಿಯಾಯಿತು). ಆದರೆ ಸುಳ್ಳು ಹೇಳಬೇಡ ಅಂದರೆ ಗೊತ್ತಿರುವುದನ್ನೆಲ್ಲ ಹೇಳು ಅಂತ ಅಲ್ಲ, ಅಲ್ವಾ? ‘ಬೇರೆಯವರ ವಿಷಯ ನಾನು ಮಾತಾಡಲ್ಲ, ಅವರನ್ನೇ ಕೇಳಿ’ ಅನ್ನಿ. ಮ್ಯಾನೇಜರ್ ಊಹಿಸಿಬಿಡಬಹುದು, ಅದು ನಿಜ. ಆದರೂ ನೀವು ಸುಳ್ಳು ಹೇಳಿರುವುದಿಲ್ಲ.

ಆಮೇಲೆ ಇಂಗ್ಲಿಷ್ ತತ್ವಜ್ಞಾನಿ ಮಿಲ್ ಹೇಳುವ ಹಾಗೆ ಪರಿಣಾಮ ನೋಡಿ. ಕೆಲಸ ಹಂಚುವುದು ಸ್ವಲ್ಪ ತಡವಾಗುತ್ತದೆ ಅಷ್ಟೇ ಅಂದರೆ ಸುಮ್ನಿರಿ. ಯಾರಿಗಾದರೂ ಅಪಾಯ ಇದ್ದರೆ ಮಾತು ಬೇರೆ. ದೊಡ್ಡ ಕರ್ತವ್ಯದ ಮುಂದೆ ಕೊಟ್ಟ ಮಾತೂ ಹಿಂದೆ ಸರಿಯಬಹುದು ಎಂದು ಇನ್ನೊಬ್ಬ ತತ್ವಜ್ಞಾನಿ ಡಬ್ಲ್ಯೂ. ಡಿ. ರಾಸ್ 1930ರಲ್ಲೇ ವಾದಿಸಿದ್ದರು. ಎಷ್ಟು ಅಪಾಯವಾದರೆ ಸರಿಯಬೇಕು? ಅದಕ್ಕೆ ಅವರ ಬಳಿಯೂ ಅಳತೆಗೋಲು ಇಲ್ಲ, ನಿಮ್ಮ ಅಂದಾಜೇ ಗತಿ.

ಕೊನೆಗೆ, ಇವತ್ತೇ ಸಹೋದ್ಯೋಗಿಗೆ ಹೇಳಿ: ‘ನನ್ನನ್ನು ಕೇಳಿದರೆ ಸುಳ್ಳು ಹೇಳಲ್ಲ, ನೀನೇ ಬೇಗ ತಿಳಿಸು.’