ಮಫ್ತಿಯಲ್ಲಿ ಬೆಳೆದ ನಂಟು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು, ಹುದ್ದೆ, ಘಟನೆಗಳ ಕ್ರಮವನ್ನು ಬದಲಿಸಲಾಗಿದೆ. ಒಂದಕ್ಕಿಂತ ಹೆಚ್ಚು ಪ್ರಕರಣಗಳ ವಿವರ ಇಲ್ಲಿ ಬೆರೆತಿದೆ. ವ್ಯಕ್ತಿಗಳನ್ನು ಕ, ಮ, ರ ಎಂದಷ್ಟೇ ಕರೆದಿದೆ.)

ಕ ಬಂದದ್ದು ನಿದ್ದೆ ಬರುತ್ತಿಲ್ಲ ಎಂಬ ದೂರು ಹೊತ್ತು. 29 ವರ್ಷದ ಮಹಿಳಾ ಪಿಎಸ್‌ಐ, ಮಾದಕವಸ್ತು ನಿಗ್ರಹ ತಂಡದಲ್ಲಿ ಎರಡನೇ ವರ್ಷ. "ರಾತ್ರಿ ಮೂರಕ್ಕೆ ಎಚ್ಚರ ಆಗತ್ತೆ ಮೇಡಂ. ಆಮೇಲೆ ಬೆಳಗಾಗೋವರೆಗೂ ಫೋನ್ ನೋಡ್ತಾ ಕೂತಿರ್ತೀನಿ." ಯಾವ ಫೋನ್ ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಉತ್ತರವಿಲ್ಲ. ಅದು ಮಫ್ತಿ ಕೆಲಸಕ್ಕೆಂದು ಕೊಟ್ಟ ಫೋನ್. ಕಾರ್ಯಾಚರಣೆ ಮುಗಿದು ಏಳು ವಾರವಾಗಿದ್ದರೂ ತನಿಖಾಧಿಕಾರಿಗೆ ಒಪ್ಪಿಸಿರಲಿಲ್ಲ. ಅದರಲ್ಲಿ ಪೆಡ್ಲರ್ (ಮಾದಕವಸ್ತು ಮಾರುವವನು) ಜೊತೆಗಿನ ಚಾಟ್ ಇತ್ತು. ಅದೇ ಫೋನಿನಲ್ಲಿ ಸಹೋದ್ಯೋಗಿ ಮ ಕಳಿಸಿದ ಮಾತುಗಳೂ ಇದ್ದವು.

ಕ ಮತ್ತು ಮ ನಾಲ್ಕು ತಿಂಗಳು ಪ್ರೇಮಿಗಳ ವೇಷದಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದವರು. ವಾರಾಂತ್ಯದ ಪಾರ್ಟಿಗಳಿಗೆ ಹೋಗಿ, ಎಂಡಿಎಂಎ ಎಂಬ ಮಾದಕವಸ್ತು ಮಾರುವವರ ಗುಂಪಿನ ನಂಬಿಕೆ ಗಳಿಸಿ, ಮೇಲಿನ ಸರಬರಾಜುದಾರನನ್ನು ತಲುಪಬೇಕಿತ್ತು. ವೇಷದ ಸಲಿಗೆ ಎರಡನೇ ತಿಂಗಳಿಗೆ ನಿಜವಾಯಿತು. ಇಬ್ಬರೂ ಅವಿವಾಹಿತರು, ಇಬ್ಬರ ಒಪ್ಪಿಗೆಯೂ ಇತ್ತು. ಆದರೆ ಮೇಲಧಿಕಾರಿಗೆ ಯಾರೂ ಹೇಳಲಿಲ್ಲ. ಹೇಳಿದರೆ ತಂಡದಿಂದ ತೆಗೆಯುತ್ತಾರೆಂಬ ಭಯ.

ಮೂರನೆಯವರು ರ. ಮ ಅವರ ಬ್ಯಾಚ್‌ಮೇಟ್. ಈ ಜಾಲದ ಮೊದಲ ಸುಳಿವು ತಂದದ್ದು ರ ಅವರ ಬಾತ್ಮೀದಾರ. ಆದರೂ ಒಳಗೆ ಹೋಗುವ ಕೆಲಸ ಮ ಅವರಿಗೆ ಸಿಕ್ಕಿತು, ರ ಹೊರವಲಯದ ಕಾವಲಿಗೆ ಹೋದರು. ಇದರ ಜೊತೆಗೆ, ಹಿಂದಿನ ವರ್ಷ ಎರಡೂ ಮನೆಯವರು ಕ–ರ ಸಂಬಂಧದ ಮಾತೆತ್ತಿ, ಕ ಬೇಡವೆಂದದ್ದರಿಂದ ಅದು ನಿಂತಿತ್ತು. ಹೀಗೆ ಸಿಟ್ಟಿಗೆ ಎರಡು ಬೇರುಗಳಿದ್ದರೂ ಠಾಣೆಯಲ್ಲಿ ಎಲ್ಲರಿಗೂ ಕಂಡದ್ದು ಒಂದೇ.

ದಾಳಿಯ ದಿನ ಏನಾಯಿತೆಂಬುದನ್ನು ಬಿಡಿಸಿ ಹೇಳಬೇಕು. ಆಕೆಯ ಅಪರಾಧಿಭಾವವೆಲ್ಲ ಗಂಟುಕಟ್ಟಿದ್ದು ಅಲ್ಲಿಯೇ. 25 ಗ್ರಾಂ ಮಾಲು ಕಣ್ಣಿಗೆ ಬಿದ್ದ ಮೇಲೆ ಮ ಸನ್ನೆ ಮಾಡಬೇಕು, ತಂಡ ಒಳನುಗ್ಗಬೇಕು. ಇಷ್ಟೇ ಯೋಜನೆ. ಸರಬರಾಜುದಾರ 8 ಗ್ರಾಂ ಮಾತ್ರ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಬಂದ. ಉಳಿದದ್ದು ತಿರುವಿನಾಚೆ ನಿಂತ ಕಾರಿನಲ್ಲಿದೆ ಎಂದ. ಕ ಅವರ ಹೆಗಲ ಮೇಲೆ ಕೈಹಾಕಿ, "ನೀನೊಬ್ಬಳೇ ಬಾ, ಅವನು ಇಲ್ಲೇ ಇರಲಿ" ಎಂದು ಎಬ್ಬಿಸಿದ. ಮ ಅಲ್ಲೇ ಸನ್ನೆ ಮಾಡಿಬಿಟ್ಟರು. ಸರಬರಾಜುದಾರ ಸಿಕ್ಕಿಬಿದ್ದ, ಕಾರು ಹೊರಟುಹೋಯಿತು.

ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ಎಂಡಿಎಂಎಗೆ ಅಲ್ಪ ಪ್ರಮಾಣವೆಂದರೆ ಅರ್ಧ ಗ್ರಾಂ, ವಾಣಿಜ್ಯ ಪ್ರಮಾಣವೆಂದರೆ 10 ಗ್ರಾಂ. 8 ಗ್ರಾಂ ಇವೆರಡರ ನಡುವೆ ಬೀಳುತ್ತದೆ. ವಾಣಿಜ್ಯ ಪ್ರಮಾಣವಾಗಿದ್ದರೆ ಕನಿಷ್ಠ 10 ವರ್ಷ ಶಿಕ್ಷೆ, ಜಾಮೀನಿಗೆ 37ನೇ ಕಲಂನ ಬಿಗಿ ಷರತ್ತು. ನಡುವಿನದಕ್ಕೆ ಶಿಕ್ಷೆ 10 ವರ್ಷದವರೆಗೆ, ಆ ಷರತ್ತು ಅನ್ವಯಿಸುವುದಿಲ್ಲ. ಆರೋಪಿಗೆ ಜಾಮೀನು ಸಿಕ್ಕಿತು. ಮಾಲು ಇದ್ದದ್ದು ಮೈಮೇಲಿನ ಜೇಬಿನಲ್ಲಿ. ಅಂದರೆ 50ನೇ ಕಲಂ ಪ್ರಕಾರ, ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆಗೊಳಗಾಗುವ ಹಕ್ಕಿದೆ ಎಂದು ಆರೋಪಿಗೆ ತಿಳಿಸಲೇಬೇಕು. ಗಡಿಬಿಡಿಯಲ್ಲಿ ಅದನ್ನು ಹೇಗೆ ತಿಳಿಸಿದರು ಎಂಬುದರ ಮೇಲೆ ಈಗ ಆರೋಪಿ ಪರ ವಕೀಲರ ಕಣ್ಣಿದೆ. ರ ಠಾಣೆಯಲ್ಲಿ ಎಲ್ಲರೆದುರು ಹೇಳಿದ ಮಾತು ಇದು: "ಅವನ ಹುಡುಗೀನ ಮುಟ್ಟಿದ್ದಕ್ಕೆ 17 ಗ್ರಾಂ ಬಿಟ್ಟ." ಮರುದಿನ, ಹಿಂದೆ ಕಾವಲಿನ ವೇಳೆ ತೆಗೆದ, ಕ ಮತ್ತು ಮ ಕೈಹಿಡಿದು ನಡೆಯುತ್ತಿದ್ದ ಫೋಟೊ ತಂಡದ ವಾಟ್ಸಾಪ್ ಗುಂಪಿಗೆ ಬಂತು.

ಮೊದಲ ಭೇಟಿಯಲ್ಲಿ ಪಿಸಿಎಲ್-5 ಪ್ರಶ್ನಾವಳಿಯಲ್ಲಿ ಆಕೆಯ ಅಂಕ 38. ಅದರಲ್ಲಿರುವುದು 20 ಪ್ರಶ್ನೆ. 31ರಿಂದ 33 ದಾಟಿದರೆ ಆಘಾತೋತ್ತರ ಒತ್ತಡಕ್ಕಾಗಿ ವಿವರವಾದ ಪರೀಕ್ಷೆ ಬೇಕು. ಖಿನ್ನತೆ ಅಳೆಯುವ ಪಿಎಚ್‌ಕ್ಯು-9ರಲ್ಲಿ 11, ಅಂದರೆ ಮಧ್ಯಮ. ಆತ್ಮಹತ್ಯೆಯ ಆಲೋಚನೆ ಇರಲಿಲ್ಲ. ಸರ್ವಿಸ್ ಪಿಸ್ತೂಲು ಮನೆಗೆ ತರುತ್ತಾರೆಯೇ ಎಂದೂ ಕೇಳಿ ಖಚಿತಪಡಿಸಿಕೊಂಡೆವು. ಪೊಲೀಸರ ವಿಷಯದಲ್ಲಿ ಈ ಪ್ರಶ್ನೆಯನ್ನು ಯಾವ ಆಪ್ತಸಲಹೆಗಾರರೂ ಬಿಡಬಾರದು. ಮನೋವೈದ್ಯರ ಬಳಿಗೆ ಕಳಿಸಿದೆವು. ಔಷಧಿ ಸದ್ಯಕ್ಕೆ ಬೇಡವೆಂದರು.

ಮೊದಲ ಸಲಹೆ ಫೋನಿನ ಬಗ್ಗೆಯೇ. ಮನಸ್ಸಿನ ಮಾತು ನಂತರ ಎಂದು ಸ್ಪಷ್ಟವಾಗಿ ಹೇಳಿದೆವು. ಆಕೆಗಿದ್ದ ಆಸೆ ಮ ಅವರ ಸಂದೇಶಗಳನ್ನಷ್ಟೇ ಅಳಿಸಿ ಉಳಿದದ್ದನ್ನು ಒಪ್ಪಿಸುವುದು. ಒಂದನ್ನೂ ಅಳಿಸಬೇಡಿ ಎಂದೆವು. ಸಾಕ್ಷ್ಯವಾಗಬಹುದಾದ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸಲಾಗದಂತೆ ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಪ್ರಕಾರ ಅಪರಾಧ. ಅದಕ್ಕಿಂತ ಹತ್ತಿರದ ಅಪಾಯವೆಂದರೆ, ಅಳಿಸಿದ್ದು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಹೊರಬಿದ್ದರೆ ಪೆಡ್ಲರ್‌ನ ಚಾಟನ್ನೂ ಯಾರೂ ನಂಬುವುದಿಲ್ಲ. ಪ್ರೇಮದ ಸಂದೇಶ ಕೋರ್ಟಿನಲ್ಲಿ ಮುಜುಗರ ತರಬಹುದು. ಅಳಿಸಿದ ಸಂದೇಶ ಕೇಸನ್ನೂ ನೌಕರಿಯನ್ನೂ ಒಟ್ಟಿಗೆ ಮುಳುಗಿಸುತ್ತದೆ.

ಇಲ್ಲೊಂದು ತೊಡಕು ಎದುರಾಯಿತು. ಇಬ್ಬರ ಚಾಟಿಗೆ ಮ 90 ದಿನಗಳಲ್ಲಿ ತಾನಾಗಿ ಮಾಯವಾಗುವ ಸೆಟ್ಟಿಂಗ್ ಹಾಕಿದ್ದರು. ಹಳೆಯವು ಆಗಲೇ ಹೋಗುತ್ತಿದ್ದವು, ಏರೋಪ್ಲೇನ್ ಮೋಡ್‌ಗೆ ಹಾಕಿದರೂ ಆ ಗಡಿಯಾರ ನಿಲ್ಲುವುದಿಲ್ಲ. ಹಾಗಾಗಿ ಒಪ್ಪಿಸುವುದನ್ನು ಮುಂದೂಡಬೇಡಿ, ಇವತ್ತೇ ಆಗಲಿ ಎಂದೆವು. ತನಿಖಾಧಿಕಾರಿಗೆ ಒಂದು ಪುಟದ ಪತ್ರ: ಸಂಬಂಧ ಶುರುವಾದ ತಿಂಗಳು, ಫೋನ್ ಇಷ್ಟು ದಿನ ಎಲ್ಲಿತ್ತು, ಯಾರ ಕೈಗೆ ಸಿಕ್ಕಿತ್ತು, ಮಾಯವಾಗುವ ಸೆಟ್ಟಿಂಗ್ ಯಾವಾಗ ಹಾಕಿದ್ದು, ಕೈಯಾರೆ ಏನನ್ನೂ ಅಳಿಸಿಲ್ಲ. ಭಾವನೆಯ ವಿವರಣೆ, ಕ್ಷಮೆ, ರ ಬಗ್ಗೆ ದೂರು, ಇವು ಆ ಪುಟದಲ್ಲಿ ಬೇಡ. ಐಎಂಇಐ ಸಂಖ್ಯೆ ಬರೆದು, ಪಂಚರ ಎದುರು ಮಹಜರಿನಲ್ಲಿ ಒಪ್ಪಿಸಿ, ಸ್ವೀಕೃತಿ ಪಡೆಯಿರಿ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವನ್ನು ಮಾಡಿಸುವ ಹೊಣೆ ತನಿಖಾಧಿಕಾರಿಯದು, ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ದೋಷಾರೋಪಣಾ ಪಟ್ಟಿ ಇನ್ನೂ ಸಲ್ಲಿಕೆಯಾಗಿರಲಿಲ್ಲ, ಸರಿಪಡಿಸಲು ಸಮಯವಿತ್ತು. ಪತ್ರ ಬರೆಯಲು ಆಕೆಗೆ ಎರಡು ಗಂಟೆ ಬೇಕಾಯಿತು. ಅವತ್ತು ಸಂಜೆಯೇ ಫೋನ್ ಹೋಯಿತು.

ಎರಡನೇ ಭೇಟಿಗೆ ಕ ಜೊತೆಯಲ್ಲಿ ಮ ಅವರನ್ನೂ ಕರೆತಂದರು. ಒಟ್ಟಿಗೆ ಕೂರಿಸಲು ನಾವು ಒಪ್ಪಲಿಲ್ಲ, ಅವರಿಗೆ ಬೇಸರವಾಯಿತು. ಕಾರಣ ಇಷ್ಟು: ಇಬ್ಬರೂ ಒಂದೇ ಕೇಸಿನ ಸಾಕ್ಷಿಗಳು. ದಾಳಿಯ ದಿನದ ಬಗ್ಗೆ ಇಬ್ಬರೂ ಒಂದೇ ಕೋಣೆಯಲ್ಲಿ ಮಾತಾಡಿದರೆ ಪಾಟೀಸವಾಲಿನಲ್ಲಿ ಅದು ಸಾಕ್ಷಿಗಳಿಗೆ ಪಾಠ ಹೇಳಿದಂತೆ ಕಾಣುತ್ತದೆ. ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿರುವ ರಕ್ಷಣೆ ಆಪ್ತಸಲಹೆಗಾರರಿಗಿಲ್ಲ. ಕೋರ್ಟು ಕರೆದರೆ ನಾವೂ ಹೋಗಬೇಕು. ಆದ್ದರಿಂದ ಇಂಥ ಪ್ರಕರಣಗಳಲ್ಲಿ ಟಿಪ್ಪಣಿಯಲ್ಲಿ ಬಾತ್ಮೀದಾರರ ಹೆಸರು, ಸ್ಥಳ, ಮಾಲಿನ ವಿವರ ಬರೆಯುವುದಿಲ್ಲ. ಲಕ್ಷಣ, ನಿದ್ದೆ, ನಿರ್ಧಾರಗಳಷ್ಟೇ. ಮ ಅವರನ್ನು ಬೇರೆ ಆಪ್ತಸಲಹೆಗಾರರಿಗೆ ಕಳಿಸಿದೆವು. ಇಬ್ಬರ ಸಾಕ್ಷ್ಯವೂ ಮುಗಿಯುವವರೆಗೆ ದಂಪತಿ ಮಾದರಿಯ ಸಲಹೆ ಇಲ್ಲ.

ಮೂರನೇ ಭೇಟಿಯಲ್ಲಿ ಕ ಅತ್ತರು. "ನನ್ನಿಂದಾಗಿ ಕೇಸು ಹಾಳಾಯ್ತು." ಯೋಜನೆಯನ್ನು ಕಾಗದದ ಮೇಲೆ ಬರೆಸಿ, ಎಷ್ಟು ಸನ್ನೆಗಳಿದ್ದವು ಎಂದು ಕೇಳಿದೆವು. ಒಂದೇ. 'ಮಾಲು ಬಂತು' ಎಂಬುದಕ್ಕೆ ಸನ್ನೆಯಿತ್ತು, 'ಅಪಾಯ, ನಿಲ್ಲಿಸಿ' ಎಂಬುದಕ್ಕೆ ಇರಲಿಲ್ಲ. ಮಹಿಳಾ ಅಧಿಕಾರಿಯನ್ನು ಒಂಟಿಯಾಗಿ ಕಾರಿಗೆ ಕರೆದರೆ ಏನು ಮಾಡಬೇಕೆಂದು ಯಾರೂ ಮುಂಚೆ ಯೋಚಿಸಿರಲಿಲ್ಲ. ಅಂಥ ಗಳಿಗೆಯಲ್ಲಿ ಮ ಬಳಿ ಇದ್ದದ್ದು ಒಂದೇ ಸನ್ನೆ. ಪ್ರೀತಿ ಇಲ್ಲದ ಜೊತೆಗಾರನೂ ಅದನ್ನೇ ಬಳಸಬೇಕಾಗುತ್ತಿತ್ತು. ನಮ್ಮ ಖಚಿತ ಅಭಿಪ್ರಾಯ: ಆ ಕಾರಿಗೆ ಆಕೆ ಹೋಗದೆ ಉಳಿದದ್ದು 17 ಗ್ರಾಂಗಿಂತ ದೊಡ್ಡದು. ಆದರೂ ಸಂಬಂಧವನ್ನು ಮೊದಲೇ ತಿಳಿಸಿದ್ದರೆ ಮೇಲಧಿಕಾರಿ ಜೋಡಿಯನ್ನು ಬದಲಿಸುತ್ತಿದ್ದರು ಅಥವಾ ಸನ್ನೆ ಮಾಡುವ ಹೊಣೆಯನ್ನು ಬೇರೆಯವರಿಗೆ ಕೊಡುತ್ತಿದ್ದರು. ಅಷ್ಟರ ಮಟ್ಟಿನ ಹೊಣೆ ಇಬ್ಬರದ್ದೂ ಇದೆ. ಆಕೆ ಅದನ್ನು ಒಪ್ಪಿಕೊಂಡರು, ಅದರಾಚೆಗಿನದನ್ನು ನಿಧಾನವಾಗಿ ಬಿಟ್ಟರು.

ವಾಟ್ಸಾಪಿನ ಫೋಟೊ ಬೇರೆಯೇ ವಿಷಯ. ಮಫ್ತಿಯಲ್ಲಿದ್ದವರ ಮುಖ ಒಂದು ಗುಂಪಿಗೆ ಬಿತ್ತೆಂದರೆ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಕಾರಿನಲ್ಲಿ ತಪ್ಪಿಸಿಕೊಂಡವನು ಇನ್ನೂ ಹೊರಗಿದ್ದಾನೆ. ಇದನ್ನು ಮಾನಾಪಮಾನದ ದೂರಾಗಿ ಕೊಡುವುದಕ್ಕಿಂತ ಮೊದಲು ಜೀವದ ಅಪಾಯವೆಂದು ಲಿಖಿತವಾಗಿ ತಿಳಿಸಿ ಎಂದೆವು. ಸ್ಕ್ರೀನ್‌ಶಾಟ್, ದಿನಾಂಕ, ಗುಂಪಿನಲ್ಲಿದ್ದವರ ಪಟ್ಟಿ ಜೊತೆಗಿರಲಿ. ಬಾಡಿಗೆ ಮನೆಯ ಬಡಾವಣೆಗೆ ಮತ್ತೆ ಹೋಗಬೇಡಿ, ಆ ಊರಿನಲ್ಲಿ ಇನ್ನು ವೇಷದ ಕೆಲಸ ಒಪ್ಪಬೇಡಿ. ರ ಆಡಿದ ಮಾತು ಲೈಂಗಿಕ ಕಿರುಕುಳವೇ ಎಂಬುದನ್ನು ತೀರ್ಮಾನಿಸಬೇಕಾದ್ದು ಆಂತರಿಕ ಸಮಿತಿ. 2013ರ ಕಾಯ್ದೆಯಡಿ ದೂರಿಗೆ ಘಟನೆಯಿಂದ ಮೂರು ತಿಂಗಳ ಗಡುವಿದೆ. ಕೊಡುವುದೋ ಬಿಡುವುದೋ ಆಕೆಯ ನಿರ್ಧಾರ, ಗಡುವನ್ನು ನೆನಪಿಸುವುದು ನಮ್ಮ ಕೆಲಸ. ಹನ್ನೊಂದನೇ ವಾರ ದೂರು ಕೊಟ್ಟರು. ರ ಅವರಿಗೂ ಯಾರಾದರೂ ಕಿವಿಗೊಡಬೇಕಿತ್ತು ಎಂಬುದು ನಿಜ. ಬಾತ್ಮೀದಾರನನ್ನು ವರ್ಷಗಟ್ಟಲೆ ಕಾಪಾಡಿದವನ ಹೆಸರು ಪ್ರಶಂಸೆಯ ಪಟ್ಟಿಯಲ್ಲಿ ಇಲ್ಲದಿದ್ದಾಗ ಹುಟ್ಟುವ ಕಹಿ ಸಣ್ಣದಲ್ಲ. ಆದರೆ ಅದು ಈ ಫೋಟೊಗೆ ಸಮಜಾಯಿಷಿ ಆಗುವುದಿಲ್ಲ.

ಕ ಅವರ ತವರು ಧಾರವಾಡದ ಕಡೆ. ವೇಷದ ಹುಡುಗಿ ಮಾತ್ರ ಇಂಗ್ಲಿಷ್ ಬೆರೆಸಿ ಮಾತಾಡುವವಳು. ಕಾರ್ಯಾಚರಣೆ ಮುಗಿದ ಮೇಲೂ ಅವ್ವ ಫೋನ್ ಮಾಡಿದಾಗ ಅದೇ ಮಾತು ಬಾಯಿಗೆ ಬಂತು. ಅವ್ವ ಕೇಳಿದರಂತೆ: "ಯಾಕವಾ, ಯಾರ್ದೋ ಮನಿ ಹುಡುಗಿ ಮಾತಾಡಿದಂಗ ಮಾತಾಡಾಕತ್ತಿ?" ಇದನ್ನು ಹೇಳುವಾಗ ಆಕೆಯ ಕೈ ನಡುಗುತ್ತಿತ್ತು. ವೇಷ ಹಾಕಿಸುವಾಗ ವಾರಗಟ್ಟಲೆ ತಯಾರಿ ಕೊಡುತ್ತಾರೆ, ಕಳಚುವುದಕ್ಕೆ ಒಂದು ದಿನವೂ ಸಿಗುವುದಿಲ್ಲ. ಆಕೆಗೆ ಹೇಳಿದ್ದು ಹೀಗೆ. ವೇಷದ ಬಟ್ಟೆ, ಚಪ್ಪಲಿ, ಅತ್ತರು ಮನೆಯಲ್ಲಿ ಇರುವುದು ಬೇಡ. ವಿಶೇಷವಾಗಿ ಅತ್ತರು, ವಾಸನೆ ನೆನಪನ್ನು ಬೇಗ ಎಬ್ಬಿಸುತ್ತದೆ. ರಾತ್ರಿ 8ಕ್ಕೆ ದಿನವೂ ಅವ್ವನ ಜೊತೆ ಹತ್ತು ನಿಮಿಷ, ಧಾರವಾಡದ ಮಾತಿನಲ್ಲೇ. ಮಧ್ಯಾಹ್ನ ಎರಡರ ನಂತರ ಕಾಫಿ, ಚಹಾ ಬೇಡ. ಎಷ್ಟೊತ್ತಿಗೆ ಮಲಗಿದರೂ ಏಳುವುದು 6ಕ್ಕೆ. ಸುಮಾರು 20 ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮಾತ್ರ ಮತ್ತೆ ಮಲಗಬೇಕು. ಮೂರು ಗಂಟೆಯ ಎಚ್ಚರ ತೀರಾ ಕಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಎಂದೆವು. ಎರಡು ಸಲ ಮಾಡಿದರು. ಶುರುವಿನ ಹತ್ತು ದಿನ ನಿದ್ದೆ ಇನ್ನೂ ಕಡಿಮೆಯಾಯಿತು. ಈ ಕ್ರಮದಲ್ಲಿ ಹಾಗಾಗುವುದುಂಟು, ಅಲ್ಲಿ ಕೈಬಿಡುವವರೂ ಇದ್ದಾರೆ. ಆಕೆ ಬಿಡಲಿಲ್ಲ.

ಐದನೇ ಭೇಟಿಯಲ್ಲಿ ಕೇಳಿದರು: "ಇದು ಪ್ರೀತಿನಾ, ಭಯನಾ?" 1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನೋವಿಜ್ಞಾನಿಗಳು ಕೆನಡಾದ ಕೆಪಿಲಾನೊ ತೂಗುಸೇತುವೆಯ ಮೇಲೆ ನಡೆಸಿದ ಪ್ರಯೋಗವನ್ನು ಹೇಳಿದೆವು. ತೂಗಾಡುವ ಎತ್ತರದ ಸೇತುವೆಯಲ್ಲಿ ಯುವತಿಯೊಬ್ಬಳು ಮಾತಾಡಿಸಿದ ಗಂಡಸರಲ್ಲಿ, ಗಟ್ಟಿ ಸೇತುವೆಯಲ್ಲಿ ಮಾತಾಡಿಸಿದವರಿಗಿಂತ ಹೆಚ್ಚಿನವರು ಆಮೇಲೆ ಆಕೆಗೆ ಫೋನ್ ಮಾಡಿದ್ದರು. ಭಯದ ಎದೆಬಡಿತವನ್ನು ಆಕರ್ಷಣೆಯೆಂದು ಓದಿಕೊಂಡರೆಂಬುದು ಅವರ ವಿವರಣೆ. ಇದರಿಂದ ಮ ಜೊತೆಗಿನದು ಸುಳ್ಳೆಂದು ತೀರ್ಮಾನ ಮಾಡಬಾರದು. ಭಯದಲ್ಲಿ ಶುರುವಾದದ್ದು ಭಯವಿಲ್ಲದೆಯೂ ನಿಲ್ಲುತ್ತದೆಯೇ ಎಂದು ನೋಡಬೇಕು. ಅದಕ್ಕೆ 90 ದಿನ ಇಟ್ಟುಕೊಂಡೆವು. ಮ ಆ ವೇಳೆಗೆ ಬೇರೆ ಠಾಣೆಗೆ ವರ್ಗವಾಗಿದ್ದರು. ವಾರಕ್ಕೊಮ್ಮೆ ಹಗಲು ಹೊತ್ತಿನಲ್ಲಿ, ವೇಷದಲ್ಲಿ ಎಂದೂ ಹೋಗದ ಜಾಗದಲ್ಲಿ ಭೇಟಿ. ಕುಡಿತವಿಲ್ಲ, ಕೇಸಿನ ಮಾತಿಲ್ಲ. ಕರೆಯುವುದು ನಿಜವಾದ ಹೆಸರಿನಿಂದ. ಮದುವೆಯ ನಿರ್ಧಾರ ಈ ಅವಧಿಯಲ್ಲಿ ಬೇಡ. ಮೊದಲ ಭಾನುವಾರ ದರ್ಶಿನಿಯಲ್ಲಿ ಮ ಎರಡು ಸಲ ವೇಷದ ಹೆಸರು ಹಿಡಿದು ಕರೆದರಂತೆ. ಎರಡನೇ ಸಲ ಆಕೆ ತಿರುಗಿ ನೋಡಲಿಲ್ಲ.

ಎಂಟನೇ ಭೇಟಿಯಲ್ಲಿ ಪಿಸಿಎಲ್-5 ಅಂಕ 19ಕ್ಕೂ ಪಿಎಚ್‌ಕ್ಯು-9 ಅಂಕ 6ಕ್ಕೂ ಇಳಿದಿತ್ತು. ನಿದ್ದೆ ಸುಮಾರು ಆರು ತಾಸು. ಸಾಕ್ಷ್ಯ ಇನ್ನೂ ಆಗಿಲ್ಲ. ಪ್ರತಿವಾದಿ ವಕೀಲರು ಚಾಟಿನ ಪ್ರತಿ ಹಿಡಿದು, "ಎರಡನೇ ಸಾಕ್ಷಿಗೂ ನಿಮಗೂ ಏನು ಸಂಬಂಧ?" ಎಂದು ಕೇಳೇ ಕೇಳುತ್ತಾರೆಂದು ಆಕೆಗೆ ಗೊತ್ತು. ಉತ್ತರವನ್ನು ನಮ್ಮೆದುರು ಹೇಳಿ ನೋಡಲು ಬಿಡಲಿಲ್ಲ. ಅದರ ತಯಾರಿ ಸರ್ಕಾರಿ ಅಭಿಯೋಜಕರ ಬಳಿ. ನಾವು ಅಭ್ಯಾಸ ಮಾಡಿಸಿದ್ದು ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು ಪೂರ್ತಿ ಬಿಟ್ಟು ಬಾಯಿ ತೆರೆಯುವುದನ್ನು, ಪಾದ ಎರಡನ್ನೂ ನೆಲಕ್ಕೆ ಊರಿ ನಿಲ್ಲುವುದನ್ನು. ಮುಂದಿನ ಭೇಟಿಗೆ ಸಾಕ್ಷ್ಯ ನುಡಿಯುವ ದಿನದ ಸಂಜೆಯನ್ನು ಕಾಯ್ದಿಟ್ಟಿದ್ದೇವೆ, ಆರು ಗಂಟೆಗೆ.